ಮಗಳಿಗೊಂದು ಪತ್ರ: ಆರದ ಬ್ರೇಕ್ ಲೈಟು

ಚಿಕ್ಕಬಳ್ಳಾಪುರ

ಪುಟ್ಟಿ,

ಕಾರಿಗೆ ಬೀಗ ಹಾಕಿದ ಮೇಲೂ ಹಿಂದಿನ ಕೆಂಪು ದೀಪ ಉರೀತಾನೇ ಇತ್ತು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್ ಅಂದೆಯಲ್ಲ, ಅದು ಬ್ಯಾಟರಿಯ ತಪ್ಪಲ್ಲ. ಹೊಸ ಬ್ಯಾಟರಿ ಹಾಕಿಸಿ ಅಂತ ಯಾರಾದರೂ ಹೇಳಿದರೆ ಹೂಂ ಅನ್ನಬೇಡ. ಬ್ರೇಕ್ ಲೈಟಿನ ಬಲ್ಬು ಒಂದೊಂದು 21 ವಾಟು, ಎಡ ಬಲ ಎರಡು ಸೇರಿ 42. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಮೂರೂವರೆ ಆಂಪಿಯರ್. ನಿನ್ನದು 35 ಆಂಪಿಯರ್ ಅವರ್ ಬ್ಯಾಟರಿ, ಅಂದರೆ ಒಂದು ಆಂಪಿಯರ್ ಎಳೆದರೆ 35 ಗಂಟೆ. ಲೆಕ್ಕದ ಪ್ರಕಾರ ಹತ್ತು ಗಂಟೆಯೊಳಗೆ ಖಾಲಿ. ಸೆಲ್ಫ್ ಮೋಟಾರು ತಿರುಗಿಸುವ ತ್ರಾಣ ಅದಕ್ಕೂ ಮುಂಚೆಯೇ ಹೋಗಿರುತ್ತದೆ. ಅಂದರೆ ಒಂದೇ ರಾತ್ರಿಯ ಕೆಲಸ.

ಈ ದೀಪವನ್ನು ಹತ್ತಿಸಿ ಆರಿಸುವುದು ಬ್ರೇಕ್ ಪೆಡಲಿನ ಹತ್ತಿರ ಇರುವ ಒಂದು ಸ್ವಿಚ್ಚು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ತಿಳಿದುಕೋ, ಆಮೇಲೆ ಉಳಿದದ್ದೆಲ್ಲ ಸುಲಭ. ಬ್ರೇಕ್ ಒತ್ತಿದಾಗ ಸ್ವಿಚ್ಚೂ ಒತ್ತಿಕೊಳ್ಳುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಉಲ್ಟಾ. ಫ್ರಿಜ್ಜಿನ ಬಾಗಿಲ ಹತ್ತಿರ ಒಂದು ಗುಂಡಿ ಇರುತ್ತದಲ್ಲ, ಬಾಗಿಲು ಮುಚ್ಚಿದಾಗ ಒತ್ತಿಕೊಂಡು ದೀಪ ಆರಿಸುತ್ತದೆ, ತೆರೆದಾಗ ಹೊರಗೆ ಬಂದು ದೀಪ ಹತ್ತಿಸುತ್ತದೆ. ಇದೂ ಹಾಗೇ. ಕಾಲು ತೆಗೆದಾಗ ಪೆಡಲ್ ಮೇಲಕ್ಕೆ ಬಂದು ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಅದುಮಿ ಹಿಡಿದಿರುತ್ತದೆ, ದೀಪ ಆರಿರುತ್ತದೆ. ಬ್ರೇಕ್ ತುಳಿದರೆ ಪೆಡಲ್ ಆ ಕಡ್ಡಿಯಿಂದ ದೂರ ಸರಿಯುತ್ತದೆ, ಸ್ಪ್ರಿಂಗು ಕಡ್ಡಿಯನ್ನು ಹೊರಗೆ ದಬ್ಬುತ್ತದೆ, ದೀಪ ಹತ್ತುತ್ತದೆ. ಹಾಗಾಗಿ ದೀಪ ಆರುತ್ತಿಲ್ಲ ಅಂದರೆ ಯಾವುದೋ ಕಾರಣಕ್ಕೆ ಕಡ್ಡಿ ಪೂರ್ತಿ ಅದುಮಿಕೊಳ್ಳುತ್ತಿಲ್ಲ, ಇಲ್ಲವೇ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್, ಅಂದರೆ ಕರೆಂಟ್ ಸೇರಿಸುವ ಲೋಹದ ತುಣುಕು, ಅಂಟಿಕೊಂಡಿದೆ.

ಇವೆರಡರಲ್ಲಿ ಯಾವುದು ಅಂತ ತಿಳಿಯದೆ ಸ್ವಿಚ್ ಕೊಳ್ಳಲು ಅಂಗಡಿಗೆ ಓಡಬೇಡ. ಪತ್ತೆ ಮಾಡಲು ಹತ್ತು ನಿಮಿಷ ಸಾಕು. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ತಳ್ಳು, ಕಾಲಡಿಯ ಮ್ಯಾಟನ್ನು ತೆಗೆ. ತೆಗೆಯುವ ಮೊದಲು ಅದರ ಮೇಲೇನು ಬಿದ್ದಿದೆ ಅಂತ ನೋಡು. ಕಡಲೆಬೇಳೆ ಚೂರಿನ ಹಾಗೆ ಪುಡಿಪುಡಿಯಾದ ಪ್ಲಾಸ್ಟಿಕ್ ತುಣುಕು ಸಿಕ್ಕರೆ ಅರ್ಧ ಕೇಸು ಅಲ್ಲೇ ಮುಗಿಯಿತು. ಪೆಡಲಿನ ಕಬ್ಬಿಣದ ತೋಳಿನಲ್ಲಿ, ಸ್ವಿಚ್ಚಿನ ಕಡ್ಡಿ ಬಂದು ತಾಕುವ ಜಾಗದಲ್ಲಿ ಒಂದು ತೂತು ಇರುತ್ತದೆ. ಆ ತೂತಿಗೆ ಅಂಗಿಯ ಗುಂಡಿಯಷ್ಟು ದೊಡ್ಡ ರಬ್ಬರ್ ಅಥವಾ ನೈಲಾನ್ ಬಿರಡೆ ಹಾಕಿರುತ್ತಾರೆ. ಕಡ್ಡಿಗೆ ಅದೇ ಗೋಡೆ. ಎಂಟು ಹತ್ತು ವರ್ಷದ ಬಿಸಿಲಿಗೆ ಅದು ಒಣಗಿ ಬಿಸ್ಕತ್ತಿನ ಹಾಗೆ ಮುರಿದು ಬಿದ್ದುಹೋಗುತ್ತದೆ. ಆಮೇಲೆ ಪೆಡಲ್ ಪೂರ್ತಿ ಮೇಲೆ ಬಂದರೂ ಕಡ್ಡಿ ಆ ತೂತಿನೊಳಗೆ ತೂರಿಕೊಂಡು ಹಾಯಾಗಿ ಹೊರಗೇ ಇರುತ್ತದೆ. ಸ್ವಿಚ್ಚು ಸರಿಯಾಗೇ ಇದೆ, ದೀಪ ಮಾತ್ರ ಆರಲ್ಲ. ನೂರಾರು ರೂಪಾಯಿ ಕೊಟ್ಟು ಹೊಸ ಸ್ವಿಚ್ ಹಾಕಿಸಿದರೂ ಆರಲ್ಲ!

ಖಾತ್ರಿ ಮಾಡಿಕೊಳ್ಳುವುದು ಹೀಗೆ. ಕಾರಿನ ಹಿಂಬದಿಯನ್ನು ಗೋಡೆಗೆ ಹತ್ತಿರ ತಂದು ನಿಲ್ಲಿಸು, ಸಂಜೆ ಮಬ್ಬಾದರೆ ಗೋಡೆ ಮೇಲಿನ ಕೆಂಪು ನೋಡಿಯೇ ದೀಪ ಹತ್ತಿತೋ ಆರಿತೋ ಗೊತ್ತಾಗುತ್ತದೆ, ಇನ್ನೊಬ್ಬರು ಬೇಕಿಲ್ಲ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕು. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ವೈರಿನ ಕಪ್ಲರ್ (ವೈರುಗಳನ್ನು ಸ್ವಿಚ್ಚಿಗೆ ಜೋಡಿಸುವ ಪ್ಲಗ್ಗು) ಸಿಕ್ಕಿಸಿರುವ ಹೆಬ್ಬೆರಳು ಗಾತ್ರದ ಸ್ವಿಚ್ ಕಾಣುತ್ತದೆ. ಕ್ಲಚ್ ಪೆಡಲಿನ ಮೇಲೂ ಅಂಥದ್ದೇ ಇರಬಹುದು, ಎಡಗಡೆಯದು ಕ್ಲಚ್ಚಿನದು, ಅದನ್ನು ಮುಟ್ಟಬೇಡ. ಈಗ ಕಡ್ಡಿಯನ್ನು ಬೆರಳಿನಿಂದ ಪೂರ್ತಿ ಒಳಕ್ಕೆ ಒತ್ತು. ದೀಪ ಆರಿದರೆ ಸ್ವಿಚ್ಚು ನಿರಪರಾಧಿ, ಬಿರಡೆ ಹೋಗಿದೆ ಅಥವಾ ಸ್ವಿಚ್ಚು ತನ್ನ ಜಾಗದಲ್ಲಿ ಸಡಿಲವಾಗಿ ಹಿಂದೆ ಸರಿದಿದೆ. ಒತ್ತಿದರೂ ಆರದಿದ್ದರೆ ಕಪ್ಲರಿನ ಕ್ಲಿಪ್ ಅದುಮಿ ಎಳೆದು ಬಿಡು. ಆಗ ಆರಿದರೆ ಸ್ವಿಚ್ ಒಳಗೆ ಅಂಟಿಕೊಂಡಿದೆ, ಬದಲಿಸಬೇಕು. ಕಪ್ಲರ್ ತೆಗೆದರೂ ಉರಿಯುತ್ತಿದ್ದರೆ ತೊಂದರೆ ಇಲ್ಲಿಲ್ಲ, ವೈರಿಂಗಿನಲ್ಲಿ ಎಲ್ಲೋ ಶಾರ್ಟ್ ಆಗಿದೆ. ಡಿಕ್ಕಿ ಬಾಗಿಲು ಮಡಚುವ ಜಾಗದಲ್ಲಿ ವೈರು ಕೊಯ್ದುಕೊಂಡಿರುವುದು ಹೆಚ್ಚು. ಅದನ್ನು ಎಲೆಕ್ಟ್ರಿಷಿಯನ್ ನೋಡಲಿ.

ಬಿರಡೆಯೇ ಹೋಗಿದ್ದರೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಾರಿನ ಮಾಡೆಲ್ಲು, ವರ್ಷ ಹೇಳಿ "ಬ್ರೇಕ್ ಪೆಡಲ್ ಸ್ಟಾಪರ್" ಅಂತ ಕೇಳು. ತೂತಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಚಟ್ ಅಂತ ಕೂರುತ್ತದೆ. ಸಿಗುವವರೆಗೆ ಚಪ್ಪಟೆ ತಲೆಯ ಸಣ್ಣ ಬೋಲ್ಟನ್ನು ವಾಷರ್, ನಟ್ ಸಮೇತ ಆ ತೂತಿಗೆ ಬಿಗಿಸಿದರೆ ನಾಲ್ಕು ದಿನ ನಡೆಯುತ್ತದೆ. ನಾಣ್ಯವನ್ನು ಟೇಪ್ ಹಚ್ಚಿ ಅಂಟಿಸುವವರಿದ್ದಾರೆ, ನೀನು ಅದನ್ನು ಮಾಡಬೇಡ. ಬಿಸಿಗೆ ಟೇಪ್ ಬಿಟ್ಟು ನಾಣ್ಯ ಪೆಡಲಿನ ಸಂದಿಗೆ ಬಿದ್ದರೆ ದೀಪದ ಮಾತು ಹಾಗಿರಲಿ, ಬ್ರೇಕೇ ಸಿಕ್ಕಿಕೊಂಡೀತು.

ಮುಂದೆಂದಾದರೂ ಇದರ ವಿರುದ್ಧದ ತೊಂದರೆ ಬರಬಹುದು, ಬ್ರೇಕ್ ತುಳಿದರೂ ದೀಪ ಹತ್ತದಿರುವುದು. ಅಪಾಯ ಇರುವುದು ಅದರಲ್ಲೇ. 80ರ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನೀನು ನಿಧಾನಿಸಿದ್ದು ಹಿಂದಿನವನಿಗೆ ಒಂದು ಸೆಕೆಂಡ್ ತಡವಾಗಿ ತಿಳಿದರೆ ಅಷ್ಟು ದೂರ ಅವನು ಬ್ರೇಕ್ ಮುಟ್ಟದೆಯೇ ಬಂದಾಯಿತು. ಆಗ ಎಣಿಸಬೇಕಾದ್ದು ಎಷ್ಟು ದೀಪ ಹೋಗಿವೆ ಅಂತ. ಒಂದೇ ಹೋಗಿದ್ದರೆ ಬಲ್ಬು ಅಥವಾ ಅದರ ಹೋಲ್ಡರ್. ಎಡ, ಬಲ, ಮೇಲಿನ ಗಾಜಿನ ಹತ್ತಿರದ್ದು, ಮೂರೂ ಒಟ್ಟಿಗೆ ಹೋಗಿದ್ದರೆ ಫ್ಯೂಸು ಅಥವಾ ಸ್ವಿಚ್ಚು. ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪಗಳೂ ಮಂದವಾಗಿ ಹತ್ತಿದರೆ ಅರ್ಥ್ (ಕರೆಂಟ್ ಕಾರಿನ ಮೈಗೆ ವಾಪಸ್ ಹೋಗುವ ವೈರಿನ ಜೋಡಣೆ) ಕೆಟ್ಟಿದೆ, ಇಲ್ಲವೇ ಎರಡು ಫಿಲಮೆಂಟಿನ ಬಲ್ಬಿನಲ್ಲಿ ಒಂದು ಮುರಿದು ಇನ್ನೊಂದಕ್ಕೆ ತಾಗಿದೆ.

ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಸ್ಟಾಪ್ (ಅಂದರೆ ಬ್ರೇಕ್ ದೀಪ) ಅಂತ ಬರೆದಿರುವುದನ್ನು ಹುಡುಕು, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಕೆಲವು ಕಾರಿನಲ್ಲಿ ಹಾರ್ನಿಗೂ ಅದೇ ಫ್ಯೂಸು, ಆದ್ದರಿಂದ ಹಾರ್ನೂ ಸತ್ತಿದ್ದರೆ ಮೊದಲು ಅಲ್ಲಿಗೇ ಹೋಗು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕು, ದೊಡ್ಡದು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರು ಸುಡುತ್ತದೆ. ಫ್ಯೂಸು ಸರಿ ಇದ್ದರೆ ಕಪ್ಲರ್ ಬಿಚ್ಚಿ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಸಣ್ಣ ದೀಪ) ಹಿಡಿ. ಒಂದು ಪಿನ್ನಿನಲ್ಲಿ 12 ವೋಲ್ಟ್ ಬರಬೇಕು. ಬರುತ್ತಿದ್ದರೆ, ಎರಡೇ ಪಿನ್ನಿನ ಕಪ್ಲರ್ ಆದರೆ ಮಾತ್ರ, ತುಂಡು ವೈರಿನಿಂದ ಎರಡನ್ನೂ ಸೇರಿಸು. ಮೂರೂ ದೀಪ ಹತ್ತಿದರೆ ಸ್ವಿಚ್ ಸತ್ತಿದೆ ಅಂತಲೇ. ನಾಲ್ಕು ಪಿನ್ನಿದ್ದರೆ ಈ ಆಟ ಬೇಡ, ಅದರಲ್ಲಿ ಒಂದು ಜೋಡಿ ಎಂಜಿನ್ ಕಂಪ್ಯೂಟರಿಗೆ ಹೋಗುತ್ತದೆ. ಸ್ವಿಚ್ಚನ್ನೇ ಹೊರಗೆ ತೆಗೆದು ಮಲ್ಟಿಮೀಟರಿನಿಂದ ನೋಡಬೇಕು: ಕಡ್ಡಿ ಹೊರಗಿದ್ದಾಗ ದೀಪದ ಜೋಡಿಯಲ್ಲಿ ಬೀಪ್ (ಕರೆಂಟಿನ ದಾರಿ ಸೇರಿದೆ ಅನ್ನುವ ಸದ್ದು) ಬರಬೇಕು, ಒತ್ತಿದಾಗ ನಿಲ್ಲಬೇಕು. ಇನ್ನೊಂದು ಜೋಡಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಬೀಪ್ ಬಂದರೂ ಓಮ್, ಅಂದರೆ ಕರೆಂಟಿಗೆ ತಡೆ, ಎಷ್ಟು ಅಂತ ನೋಡು. ಒಂದು ಓಮಿಗಿಂತ ಕಡಿಮೆ ಇರಬೇಕು. ಹತ್ತು ಇಪ್ಪತ್ತು ತೋರಿಸಿದರೆ ಕಾಂಟ್ಯಾಕ್ಟ್ ಸುಟ್ಟಿದೆ, ಅದು ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಸ್ಪ್ರೇ ಹೊಡೆದು ಉಳಿಸಿಕೊಳ್ಳುವ ವಸ್ತುವಲ್ಲ ಅದು.

ಸ್ವಿಚ್ ಬದಲಿಸುವುದಕ್ಕೆ ಕೀ ತೆಗೆದಿಡು, ಸ್ಟಾಪ್ ಫ್ಯೂಸನ್ನೂ ಕಿತ್ತಿಡು. ಕೀ ಇಲ್ಲದಿದ್ದರೂ ಆ ಪಿನ್ನಿಗೆ ಕರೆಂಟ್ ಬರುತ್ತಿರುತ್ತದೆ. ಹಳೆಯದು ಥ್ರೆಡ್ಡಿನದಾದರೆ ಬಿಚ್ಚುವ ಮುಂಚೆ, ಸ್ವಿಚ್ಚನ್ನು ಬಿಗಿಹಿಡಿದಿರುವ ಲಾಕ್ ನಟ್ಟಿನಿಂದಾಚೆ ಎಷ್ಟು ಸುತ್ತು ಥ್ರೆಡ್ ಕಾಣುತ್ತದೆ ಅಂತ ಎಣಿಸಿ ಫೋಟೋ ತೆಗೆ. ನಟ್ಟಿಗೆ ಹೆಚ್ಚಾಗಿ 14ರ ಸ್ಪ್ಯಾನರ್ ಸರಿಹೋಗುತ್ತದೆ. ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗು; ಪಿನ್ನಿನ ಸಂಖ್ಯೆ, ಕಡ್ಡಿಯ ಉದ್ದ, ಥ್ರೆಡ್ಡು ಮೂರೂ ಒಂದೇ ಇರಬೇಕು.

ಹೊಸದನ್ನು ಕೂರಿಸುವಾಗ ಬಿಡುವ ಸಂದು ಎಲ್ಲಕ್ಕಿಂತ ಮುಖ್ಯ, ಅನುಭವಸ್ಥ ಮೆಕ್ಯಾನಿಕ್ಕುಗಳೂ ಅವಸರದಲ್ಲಿ ತಪ್ಪುವುದು ಇಲ್ಲೇ. ಪೆಡಲ್ ತಾನಾಗಿ ಪೂರ್ತಿ ಮೇಲಿರಲಿ. ಸ್ವಿಚ್ಚಿನ ಥ್ರೆಡ್ಡಿನ ತುದಿಗೂ ಬಿರಡೆಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಬಿಡಬೇಕು. ಸಂದು ಅಳೆಯುವ ಫೀಲರ್ ಗೇಜ್ ಬೇಕಿಲ್ಲ, ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಕಾರ್ಡಿನ ಮೂಲೆ ಸ್ವಲ್ಪ ಸಡಿಲವಾಗಿ ಆ ಸಂದಿನಲ್ಲಿ ಆಡಿದರೆ ಸರಿ. ಸಂದು ಜಾಸ್ತಿಯಾದರೆ ದೀಪ ಆರಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಡಿಮೆಯಾದರೆ ಏನೂ ಕಾಣಲ್ಲ, ಅದೇ ಕೆಟ್ಟದ್ದು: ಸ್ವಿಚ್ಚಿನ ಮೈ ಪೆಡಲನ್ನು ಕೂದಲೆಳೆಯಷ್ಟು ಕೆಳಗೆ ಒತ್ತಿ ಹಿಡಿಯುತ್ತದೆ, ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಪೂರ್ತಿ ವಾಪಸ್ ಹೋಗುವ ದಾರಿ ತೆರೆಯುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಓಡುತ್ತದೆ. ಬಿಸಿಯಾದಷ್ಟೂ ಆಯಿಲ್ ಹಿಗ್ಗಿ ಹಿಡಿತ ಜಾಸ್ತಿಯಾಗುತ್ತದೆ. ಮೈಲೇಜ್ ಬೀಳುತ್ತದೆ, ಪ್ಯಾಡ್ ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ.

ಸ್ವಿಚ್ಚು ಥ್ರೆಡ್ಡಿನದಲ್ಲದೆ ತಿರುಚಿ ಕೂರಿಸುವ ತರಹದ್ದಾದರೆ ಕೆಲವು ತಾವೇ ಅಳತೆ ಮಾಡಿಕೊಳ್ಳುತ್ತವೆ. ಅಂಥದ್ದಕ್ಕೆ ಪೆಡಲನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಸ್ವಿಚ್ಚನ್ನು ಒಳಗೆ ಹಾಕಿ ತಿರುಚಿ, ಆಮೇಲೆ ಪೆಡಲ್ ನಿಧಾನ ಬಿಡಬೇಕು. ಒಮ್ಮೆ ಕೂತ ಮೇಲೆ ಕಿತ್ತು ಮತ್ತೆ ಹಾಕಿದರೆ ಅಳತೆ ಉಳಿಯುವುದಿಲ್ಲ. ಡಬ್ಬಿಯ ಜೊತೆ ಬಂದ ಚೀಟಿ ಓದದೆ ಕೈ ಹಾಕಬೇಡ.

ಕಡೆಗೆ ಫ್ಯೂಸ್ ಹಾಕಿ, ಗೋಡೆ ನೋಡುತ್ತಾ ಪೆಡಲನ್ನು ಕೈಯಿಂದ ಒಂದು ಸೆಂಟಿಮೀಟರ್ ಒತ್ತು. ಅಷ್ಟರಲ್ಲೇ ದೀಪ ಹತ್ತಬೇಕು, ಬಿಟ್ಟ ತಕ್ಷಣ ಆರಬೇಕು. ಎಂಜಿನ್ ಓಡುತ್ತಿರುವಾಗ ಇನ್ನೊಮ್ಮೆ ನೋಡು.

ರಿಪೇರಿ ಆಗುವವರೆಗೆ ರಾತ್ರಿ ನಿಲ್ಲಿಸುವಾಗ ಕಪ್ಲರ್ ಎಳೆದಿಡು, ಬ್ಯಾಟರಿ ಉಳಿಯುತ್ತದೆ. ಆದರೆ ಬೆಳಿಗ್ಗೆ ಮರೆಯದೆ ಹಾಕಬೇಕು, ಸ್ಟೀರಿಂಗಿಗೆ ಒಂದು ಚೀಟಿ ಅಂಟಿಸಿಕೋ. ಸದಾ ಉರಿಯುವ ದೀಪ ಇಟ್ಟುಕೊಂಡು ಓಡಿಸುವುದೂ ಒಳ್ಳೆಯದಲ್ಲ, ನೀನು ನಿಜವಾಗಿ ಬ್ರೇಕ್ ಹಾಕಿದ್ದು ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು, ದೀಪ ಸರಿ ಇದ್ದರೂ ನಂದಿಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಬರೀ ಎಂಜಿನ್ ಹಿಡಿತದಲ್ಲಿ ಬಂದರೆ ಅದು ಹತ್ತುವುದಿಲ್ಲ, ಬೆಳಗಿನ ಮಂಜಿನಲ್ಲಿ ಹಿಂದೆ ಗಾಡಿ ಇದ್ದರೆ ಪೆಡಲನ್ನು ಆಗಾಗ ಮೆಲ್ಲಗೆ ಮುಟ್ಟು.

ಭಾನುವಾರ ತುಮಕೂರಿನಿಂದ ಹೊರಟಾಗ ಡಾಬಸ್‌ಪೇಟೆಯಲ್ಲಿ ಕಾಫಿಗೆ ನಿಲ್ಲಿಸುತ್ತೀಯಲ್ಲ, ಸ್ವಿಚ್ ಬದಲಿಸಿದ್ದರೆ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ತಿಳಿಯಲು ಇಳಿದ ಕೂಡಲೇ ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡು, ಡಿಸ್ಕ್ ಮುಟ್ಟಬೇಡ. ಬೆಚ್ಚಗಿದ್ದರೆ ಬಾ. ಕೈ ಹಿಡಿಯಲಾಗದಷ್ಟು ಝಳ ಬಂದರೆ ಲಾಕ್ ನಟ್ ಸಡಿಲಿಸಿ ಸ್ವಿಚ್ಚನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸು, ನಟ್ ಬಿಗಿಮಾಡಿ, ದೀಪ ಆರಿದೆಯಾ ನೋಡಿಕೊಂಡು, ಚಕ್ರ ತಣಿದ ಮೇಲೆ ದೊಡ್ಡಬಳ್ಳಾಪುರದ ದಾರಿ ಹಿಡಿ. 14ರ ಸ್ಪ್ಯಾನರ್ ಡಿಕ್ಕಿಯಲ್ಲಿರಲಿ.

ನಿನ್ನ
ಅಪ್ಪ