ಕಲಿಕೆಯ ತೊಡಕನ್ನು ಮನೆಮಾತಿನ ತಲೆಗೆ ಕಟ್ಟುವುದು ನಿಲ್ಲಲಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಮಂಗಳೂರಿನ ಹೊರವಲಯದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿರುವ ಬ್ಯಾರಿ ಸಮುದಾಯದ ವಿದ್ಯಾರ್ಥಿನಿ. ನನಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿನ ತೊಡಕು ಇದೆ, ಜೊತೆಗೆ ಗಮನ ನಿಲ್ಲಿಸುವುದನ್ನು ಕಷ್ಟವಾಗಿಸುವ ಎಡಿಎಚ್‌ಡಿಯೂ ಇದೆ. ಇವೆರಡೂ ಗೊತ್ತಾದದ್ದು ಪಿಯುಸಿ ಮುಗಿದ ಮೇಲೆ. ಅಷ್ಟು ತಡವಾದದ್ದೇಕೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯ ಬ್ಯಾರಿ ಮಗು ಮನೆಯಲ್ಲಿ ಬ್ಯಾರಿ, ಬಸ್ಸು ಅಂಗಡಿಗಳಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಬೆಳಗಿನ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ, ಹೀಗೆ ಐದು ಭಾಷೆಗಳ ನಡುವೆ ಬೆಳೆಯುತ್ತದೆ. ನನ್ನ ಓರಗೆಯವರಲ್ಲಿ ಹೆಚ್ಚಿನವರು ಇವನ್ನೆಲ್ಲ ಸಲೀಸಾಗಿ ಕಲಿತರು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದ, ಬೋರ್ಡಿನಿಂದ ಬರೆದುಕೊಳ್ಳುವಾಗ ಸಾಲುಗಳನ್ನೇ ಬಿಟ್ಟುಬಿಡುತ್ತಿದ್ದ ನನ್ನ ಬಗ್ಗೆ ಮಾತ್ರ ಶಿಕ್ಷಕರು ನನ್ನ ತಾಯಿಗೆ ವರ್ಷವರ್ಷವೂ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ಕನ್ನಡ ಮಾತಾಡಿಸಿ, ಸರಿಹೋಗುತ್ತಾಳೆ." ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ಅದೇ ಬೆಂಚಿನಲ್ಲಿದ್ದ ಬೇರೆ ಬ್ಯಾರಿ ಮಕ್ಕಳು ಚೆನ್ನಾಗಿ ಓದುತ್ತಿದ್ದಾಗ ಇವಳೊಬ್ಬಳಿಗೆ ಮನೆಮಾತು ಹೇಗೆ ಅಡ್ಡಿಯಾಯಿತು ಎಂದು ಯಾರೂ ಕೇಳಲಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕನ್ನು ಮಕ್ಕಳಲ್ಲಿ ಆದಷ್ಟು ಬೇಗ ಗುರುತಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

ಎಂಜಿನಿಯರಿಂಗಿಗೆ ಬಂದ ಮೇಲೆ ತೊಡಕಿನ ರೂಪ ಬದಲಾಯಿತು. ರೆಸಿಸ್ಟರಿನ ಮೇಲೆ ಅದರ ವಿದ್ಯುತ್ ತಡೆಯ ಅಳತೆ ಸೂಚಿಸುವ ಹಳದಿ, ನೇರಳೆ, ಕೆಂಪು ಪಟ್ಟಿಗಳನ್ನು ಕಂಡೊಡನೆ ಅದು 4.7 ಕಿಲೋ ಓಮ್ ಎಂದು ನನಗೆ ಗೊತ್ತಾಗುತ್ತದೆ. ಬ್ರೆಡ್‌ಬೋರ್ಡಿನಲ್ಲಿ ಸರ್ಕ್ಯೂಟ್ ಜೋಡಿಸುವುದರಲ್ಲಾಗಲಿ, ಯಾವ ವೈರ್ ಸಡಿಲವಾಗಿದೆಯೆಂದು ಹುಡುಕುವುದರಲ್ಲಾಗಲಿ ನಾನು ಹಿಂದೆ ಬಿದ್ದವಳಲ್ಲ. ಆದರೆ ಅದೇ ಅಂಕಿ ರೆಕಾರ್ಡಿಗೆ ಇಳಿಯುವಾಗ 7.4 ಆಗಿಬಿಡುತ್ತದೆ, ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ, ಮೇಜಿನ ಮೇಲೆ ಸರ್ಕ್ಯೂಟ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅಂಕ ಹೋಗುತ್ತದೆ. ವಿಕಲಚೇತನರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ ಕೇಂದ್ರದ ಮಾರ್ಗಸೂಚಿಯಿಂದಾಗಿ ಮೂರು ಗಂಟೆಯ ಸೆಮಿಸ್ಟರ್ ಪರೀಕ್ಷೆಯಲ್ಲಿ ನನಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಕಾಲೇಜೇ ನಡೆಸುವ ಇಂಟರ್ನಲ್ಸ್‌ಗೂ ಲ್ಯಾಬ್ ಪರೀಕ್ಷೆಗೂ ಕೇಳಿದರೆ, ಅದಕ್ಕೆ ಆದೇಶವಿಲ್ಲ ಎಂಬ ಉತ್ತರ ಬರುತ್ತದೆ. ಸಮಯ ಸಿಗುವವರ ಹೆಸರನ್ನು ತರಗತಿಯಲ್ಲಿ ಎಲ್ಲರೆದುರು ಓದಿ ಹೇಳುವುದೂ ಇದೆ. ತಲೆವಸ್ತ್ರದಿಂದಾಗಿ ಮೊದಲೇ ಎಲ್ಲರ ಕಣ್ಣಿಗೆ ಬೀಳುವ ಹುಡುಗಿಗೆ ಅದೆಷ್ಟು ಭಾರವೆಂಬುದನ್ನು ತಾವು ಊಹಿಸಬಲ್ಲಿರಿ. ವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಮುಂದೆ ಮದುವೆಯ ಮಾತಿಗೆ ಅಡ್ಡಿಯಾದೀತೆಂದು ನನ್ನ ತಾಯಿ ಅಂಜಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಎಡಿಎಚ್‌ಡಿಯ ಮಾತು. ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹಾಗೆಂದು ಬಾಗಿಲು ಮುಚ್ಚಿದೆಯೆಂದು ನಾನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ಸೌಲಭ್ಯವನ್ನು ಕನಿಷ್ಠ ಶೇ 40ರಷ್ಟು ವೈಕಲ್ಯವಿರಬೇಕೆಂಬ ಮಿತಿಗೆ ಕಟ್ಟಿಹಾಕುವಂತಿಲ್ಲ, ಪ್ರತಿಯೊಬ್ಬರ ಅಗತ್ಯವನ್ನು ನೋಡಿ ಅನುಕೂಲ ಕಲ್ಪಿಸಬೇಕು ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗದ್ದಲವಿಲ್ಲದ ಬೇರೆ ಕೋಣೆಯಲ್ಲಿ ಕೂತು ಬರೆಯಲು ಬಿಡುವುದಕ್ಕೆ ಕಾಲೇಜಿಗೆ ಖರ್ಚೇನೂ ತಗಲುವುದಿಲ್ಲ.

ಹೆಚ್ಚುವರಿ ಸಮಯ ಇಂಟರ್ನಲ್ಸ್, ಲ್ಯಾಬ್ ಮತ್ತು ವೈವಾಗಳಿಗೂ ಅನ್ವಯಿಸುತ್ತದೆ, ಹೆಸರುಗಳನ್ನು ಗುಟ್ಟಾಗಿಡಬೇಕು ಎಂದು ಎಲ್ಲ ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಾಲೇಜುಗಳಿಗೆ ಮುಂದಿನ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್‌ಗೆ ಮುನ್ನ ಸುತ್ತೋಲೆ ಕಳಿಸಬೇಕೆಂದು ಕೋರುತ್ತೇನೆ. ಮಗುವಿನ ತೊಡಕು ಭಾಷೆಯದೋ ಓದಿನದೋ ಎಂದು ಬೇರ್ಪಡಿಸಿ ನೋಡಲು ಆ ಭಾಷೆ ಬಲ್ಲವರೇ ಬೇಕು. ಆದ್ದರಿಂದ ಆರೋಗ್ಯ ಮತ್ತು ಶಾಲಾ ಶಿಕ್ಷಣ ಸಚಿವರೊಡನೆ ಮಾತಾಡಿ, ದಕ್ಷಿಣ ಕನ್ನಡ ಮತ್ತು ಉಡುಪಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬ್ಯಾರಿ, ತುಳು, ಕೊಂಕಣಿ ಬಲ್ಲ ಮನಶ್ಶಾಸ್ತ್ರಜ್ಞರಿಂದ ಮಕ್ಕಳ ತಪಾಸಣೆ ನಡೆಯುವಂತೆ ಮಾಡಬೇಕು. ನನ್ನ ತಮ್ಮ ಈಗ ಮೂರನೇ ತರಗತಿಯಲ್ಲಿದ್ದಾನೆ. ಮನೆಯಲ್ಲಿ ಕನ್ನಡ ಮಾತಾಡಿಸಿ ಎಂದು ಅವನ ಶಾಲೆಯಿಂದಲೂ ಹೇಳಿ ಕಳಿಸಿದ್ದಾರೆ.

ಇಂತಿ,
ಮಂಗಳೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ