ಮಕ್ಕಳಿಗೆ ಧ್ರುವಯಾತ್ರೆಯ ಕಥೆ ಬರೆಯುತ್ತಿರುವವರಿಗೆ

ಪ್ರಿಯ ಕಿರಿಯ ಮಿತ್ರರೆ,

ಸಪ್ರೇಮ ನಮಸ್ಕಾರಗಳು. ದಕ್ಷಿಣ ಧ್ರುವ ಮುಟ್ಟಿ ಮರಳಿ ಬಾರದ ಬ್ರಿಟಿಷ್ ಅನ್ವೇಷಕ ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರ ಕುರಿತು ನೀವು ಮಕ್ಕಳಿಗಾಗಿ ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ವಿಷಯದ ಮೇಲೆ ನಿಮಗಿರುವ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಆದರೆ ಹಿಮಗಾಳಿಯನ್ನು ನೀವು ಬಾಯ್ದೆರೆದ ರಾಕ್ಷಸನನ್ನಾಗಿ ಮಾಡಿಬಿಟ್ಟಿದ್ದೀರಿ. ರಾಕ್ಷಸರ ಕಥೆಗಳನ್ನು ಮಕ್ಕಳು ಬೇಕಾದಷ್ಟು ಕೇಳಿದ್ದಾರೆ. ಒಂದು ಚರ್ಮದ ಬಿಲ್ಲೆ ಐವರ ಜೀವಕ್ಕೆ ಹೇಗೆ ಕುತ್ತು ತರಬಲ್ಲದು ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಿತ್ತಾಳೆಯ ಪಂಪ್ ಸ್ಟೋವ್ ಇತ್ತು. ಅದರ ಚರ್ಮದ ವಾಷರ್ ಒಣಗಿ ಸೆಟೆದುಕೊಂಡರೆ ಗಾಳಿ ಹಿಡಿಯುತ್ತಿರಲಿಲ್ಲ. ಅಮ್ಮ ಅದನ್ನು ಬಿಚ್ಚಿ, ಕೊಬ್ಬರಿ ಎಣ್ಣೆ ಸವರಿ, ಮತ್ತೆ ಕೂರಿಸುತ್ತಿದ್ದಳು. ಸ್ಕಾಟ್‌ನ ಡೇರೆಯಲ್ಲಿ ಉರಿಯುತ್ತಿದ್ದುದೂ ಅದೇ ಜಾತಿಯ ಸೀಮೆಎಣ್ಣೆ ಸ್ಟೋವ್. ಹಿಂದಿರುಗುವ ದಾರಿಗೆಂದು ಇರಿಸಿದ್ದ ಎಣ್ಣೆ ಡಬ್ಬಿಗಳ ಮುಚ್ಚಳಕ್ಕೂ ಚರ್ಮದ ವಾಷರೇ ಇತ್ತು. ಕಡುಚಳಿಗೆ ಆ ಚರ್ಮ ಬಿಗಿ ಕಳೆದುಕೊಂಡು, ಎಣ್ಣೆ ಸೋರಿ ಆವಿಯಾಗಿ, 1912ರ ಫೆಬ್ರವರಿ ಕೊನೆಯಿಂದ ಅವರು ಒಂದೊಂದು ದಾಸ್ತಾನನ್ನು ತಲುಪಿದಾಗಲೂ ಡಬ್ಬಿಯಲ್ಲಿ ಲೆಕ್ಕಕ್ಕಿಂತ ಕಡಿಮೆ ಎಣ್ಣೆ ಸಿಕ್ಕಿತು. ಎಣ್ಣೆ ಇಲ್ಲದಿದ್ದರೆ ಹಿಮ ಕರಗುವುದಿಲ್ಲ, ಹಿಮ ಕರಗದಿದ್ದರೆ ಕುಡಿಯಲು ನೀರಿಲ್ಲ. ಕಣ್ಣು ಹಾಯಿಸಿದಷ್ಟು ದೂರ ನೀರೇ ಗಟ್ಟಿಯಾಗಿ ಬಿದ್ದಿರುವ ನಾಡಿನಲ್ಲಿ ಮನುಷ್ಯ ಬಾಯಾರಿ ಸೊರಗುವ ಈ ಸಂಗತಿಯನ್ನು ನಿಧಾನವಾಗಿ ಬರೆಯಿರಿ. 1911ರ ಡಿಸೆಂಬರ್ 14ರಂದೇ ಧ್ರುವ ತಲುಪಿದ್ದ ನಾರ್ವೆಯ ಅಮುಂಡ್ಸೆನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ ಎಂಬುದನ್ನೂ ಅಲ್ಲಿಯೇ ಸೇರಿಸಿ.

ಚಳಿಯನ್ನು ‘ಭಯಂಕರ’ ಎಂದು ನೀವು ಹಲವು ಸಲ ಕರೆದಿದ್ದೀರಿ. ಆ ಪದ ಮಗುವಿನ ಮೈಗೆ ತಾಗುವುದಿಲ್ಲ. ಅದೇ ತಂಡದ ವಿಲ್ಸನ್, ಬೋವರ್ಸ್ ಮತ್ತು ಚೆರ್ರಿ-ಗೆರಾರ್ಡ್ 1911ರ ಚಳಿಗಾಲದಲ್ಲಿ, ಸೂರ್ಯನೇ ಹುಟ್ಟದ ದಿನಗಳಲ್ಲಿ, ಎಂಪೆರರ್ ಪೆಂಗ್ವಿನ್ ಮೊಟ್ಟೆಗಳಿಗಾಗಿ ಕೇಪ್ ಕ್ರೋಜಿಯರ್‌ಗೆ ನಡೆದರು. ಒಂದು ಬೆಳಗ್ಗೆ ಚೆರ್ರಿ-ಗೆರಾರ್ಡ್ ಡೇರೆಯಿಂದ ಹೊರಬಂದು ತಲೆಯೆತ್ತಿ ಸುತ್ತ ನೋಡಿದ. ಬೆವರಿನಿಂದ ಒದ್ದೆಯಾಗಿದ್ದ ಉಡುಪು ಕ್ಷಣದಲ್ಲಿ ಮರಗಟ್ಟಿ, ಎತ್ತಿದ ತಲೆಯನ್ನು ಇಳಿಸಲಾಗದೆ ನಾಲ್ಕು ಗಂಟೆ ಹಾಗೆಯೇ ಜಾರುಬಂಡಿ ಎಳೆದ. ಅಂದಿನಿಂದ ಮೂವರೂ ಹೊರಬಂದ ಕೂಡಲೇ, ಬಟ್ಟೆ ಗಟ್ಟಿಯಾಗುವ ಮೊದಲೇ, ಬಂಡಿ ಎಳೆಯುವ ಭಂಗಿಯಲ್ಲಿ ಬಾಗಿ ನಿಲ್ಲುತ್ತಿದ್ದರಂತೆ. ಇದನ್ನು ಓದಿದ ಮಗು ಎದ್ದು ನಿಂತು ತಾನೂ ಬಾಗಿ ನೋಡುತ್ತದೆ. ನಿಮಗೆ ಬೇಕಾದುದು ಆ ಓದುಗ.

ಸಾವಿನ ಪುಟಗಳ ಬಗ್ಗೆ ನನಗೆ ಹೆಚ್ಚು ಕಳವಳವಿದೆ. ಸ್ಕಾಟ್‌ನ ಸಂಗಡಿಗ ಓಟ್ಸ್ ‘ಹಿಮದೇವಿಯ ಮಡಿಲಲ್ಲಿ ಮಲಗಿದ’ ಎಂದು ಬರೆದಿದ್ದೀರಿ; ದಯವಿಟ್ಟು ಅದನ್ನು ತೆಗೆಯಿರಿ. ಅವನ ಪಾದಗಳು ಹಿಮಕಡಿತದಿಂದ ಹಾಳಾಗಿದ್ದವು, ತಾನು ಉಳಿದವರಿಗೆ ಭಾರವಾಗುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು, ಮಾರ್ಚ್ ನಡುವಿನ ಒಂದು ದಿನ ಅವನು ಹಿಮಗಾಳಿಯೊಳಗೆ ನಡೆದುಹೋದ, ಮರಳಲಿಲ್ಲ. ಇಷ್ಟು ಸಾಕು. ಅದಕ್ಕೂ ಮೊದಲು ತೀರಿಕೊಂಡ ಎಡ್ಗರ್ ಇವಾನ್ಸ್‌ನ ಕೈಗೆ ಜಾರುಬಂಡಿ ದುರಸ್ತಿ ಮಾಡುವಾಗ ಆದ ಗಾಯ ಮಾಯಲೇ ಇಲ್ಲ. ಅವರು ಹೊತ್ತು ತಂದಿದ್ದ ಬಿಸ್ಕತ್ತು, ಒಣಮಾಂಸ, ಬೆಣ್ಣೆ, ಕೋಕೋಗಳಲ್ಲಿ ಗಾಯ ಮಾಯಲು ಬೇಕಾದ ವಿಟಮಿನ್ ಸಿ ಇರಲಿಲ್ಲವೆನ್ನಬಹುದು. ನೆಲ್ಲಿಕಾಯಿ ತಿಂದು ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ಉಳಿದ ಮೂವರು ತೀರಿಕೊಂಡ ಕೊನೆಯ ಡೇರೆ ‘ಒಂದು ಟನ್’ ಎಂಬ ದೊಡ್ಡ ದಾಸ್ತಾನಿನಿಂದ ಸುಮಾರು 20 ಕಿ.ಮೀ. ದೂರದಲ್ಲಿತ್ತು. ಆ ದಾಸ್ತಾನನ್ನು 80 ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕೆಂದಿದ್ದವರು ಬಳಲಿದ ಕುದುರೆಗಳ ಮೇಲಿನ ಮರುಕದಿಂದ 50 ಕಿ.ಮೀ.ಗೂ ಹೆಚ್ಚು ಹಿಂದೆಯೇ ಇಟ್ಟು ಮರಳಿದ್ದರು. ಅದು ತಪ್ಪೇ ಎಂದು ತೀರ್ಪು ಕೊಡಬೇಡಿ. ಎರಡು ಸಂಖ್ಯೆಗಳನ್ನೂ ಕುದುರೆಗಳನ್ನೂ ಮಕ್ಕಳ ಮುಂದಿಡಿ.

ನಿಮ್ಮ ಹಸ್ತಪ್ರತಿಯಲ್ಲಿ ಕಲ್ಲುಗಳೇ ಇಲ್ಲ. 1912ರ ನವೆಂಬರ್‌ನಲ್ಲಿ ಹುಡುಕಿಬಂದವರಿಗೆ ಡೇರೆಯ ಬಳಿಯ ಜಾರುಬಂಡಿಯಲ್ಲಿ ಸುಮಾರು 16 ಕಿಲೋ ಕಲ್ಲುಗಳು ಸಿಕ್ಕವು. ಕಾಲೆಳೆಯಲೂ ಶಕ್ತಿಯಿಲ್ಲದವರು ಅವನ್ನೇಕೆ ಎಸೆಯಲಿಲ್ಲ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚುಗಳಿದ್ದವು. ಅದೇ ಎಲೆ ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ, ಏಕೆಂದರೆ ಒಂದು ಕಾಲಕ್ಕೆ ಆ ನೆಲವೂ ಈ ನೆಲವೂ ಒಂದೇ ಆಗಿದ್ದವು. ಈ ಅಧ್ಯಾಯವನ್ನು ಬರೆದು ಮೊದಲು ನನಗೆ ಕಳುಹಿಸಿ.

ನಿಮ್ಮ ವಿಶ್ವಾಸಿ