ಬ್ಯಾಟರಿ ಕಾಲ ಇನ್ನೂ ಮುಗಿದಿಲ್ಲ

ಮಾನ್ಯರೇ,

ಮಾಟುಂಗಾದಲ್ಲಿ ನಮ್ಮದು ಪುಟ್ಟ ಹೋಟೆಲ್. ಪಾರ್ಸೆಲ್ ಕೊಡುವ ಎಲೆಕ್ಟ್ರಿಕ್ ಸ್ಕೂಟರ್ ಮಧ್ಯಾಹ್ನಕ್ಕೇ ಖಾಲಿ. ಗ್ರೈಂಡರ್ ಪಕ್ಕದ ಪ್ಲಗ್‌ಗೆ ಹಾಕಿದರೆ ನಾಲ್ಕು ಗಂಟೆ ಬೇಕು. ಸಾಂಬಾರ್ ಡಬ್ಬ ಅಲ್ಲೇ ತಣ್ಣಗಾಗುತ್ತದೆ.

ಬ್ಯಾಟರಿ ಜಾಗಕ್ಕೆ ಸೂಪರ್ ಕೆಪಾಸಿಟರ್ ಅನ್ನುವ, ವಿದ್ಯುತ್ ಕೂಡಿಡುವ ಇನ್ನೊಂದು ಸಾಧನ ಬರುತ್ತದೆ ಅಂತ ಈಗ ಎಲ್ಲರ ಬಾಯಲ್ಲೂ ಮಾತು. ಇದರಲ್ಲಿ ಇಂಗಾಲದ ಮೈಮೇಲೆ ಚಾರ್ಜ್ ಅಂಟಿ ಕೂರುತ್ತದೆ, ಅಷ್ಟೆ; ಬ್ಯಾಟರಿಯಂತೆ ಒಳಗೆ ರಾಸಾಯನಿಕ ಕ್ರಿಯೆ ನಡೆಯಬೇಕಿಲ್ಲ. ಅದಕ್ಕೇ ಬೇಗ ತುಂಬುತ್ತದೆ, ಲಕ್ಷಾಂತರ ಸಲ ತುಂಬಿದರೂ ಸವೆತ ಕಡಿಮೆ. ಆದರೆ ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯ ಹತ್ತರಲ್ಲೊಂದು ಪಾಲು ಶಕ್ತಿಯೂ ಸಾಮಾನ್ಯವಾಗಿ ಇದರಲ್ಲಿ ಹಿಡಿಯುವುದಿಲ್ಲ. ಇದನ್ನು ಹಾಕಿದರೆ ನನ್ನ ಸ್ಕೂಟರ್ ಪಕ್ಕದ ಸಯಾನ್ ದಾಟುವುದೂ ಅನುಮಾನ!

ಶಾಂಘೈನಲ್ಲಿ 2006ರಲ್ಲೇ ಸೂಪರ್ ಕೆಪಾಸಿಟರ್ ಬಸ್ಸುಗಳು ಬಂದವು, ಸ್ಟಾಪಿನಲ್ಲಿ ನಿಂತಾಗ ಚಾರ್ಜ್ ಆಗುತ್ತಿದ್ದವು. ನಮ್ಮ ಮುಂಬೈನ ‘ಬೆಸ್ಟ್’ ಸಿಟಿ ಬಸ್ಸಿಗೂ ಇದು ಹೊಂದಬಹುದು. ಸ್ಟಾಪ್‌ಗಳು ಹತ್ತಿರ ಹತ್ತಿರ ಇವೆ ಅಲ್ವಾ? ಒಂದು ರೂಟಿನಲ್ಲಿ ಪ್ರಯತ್ನಿಸಿ ನೋಡಲಿ.

— ಒಬ್ಬ ಹೋಟೆಲ್‌ನವ, ಮಾಟುಂಗಾ, ಮುಂಬೈ